ಮೆನೋರ್ಕಾದ ಕುದುರೆ ದಾರಿಯಲ್ಲಿ ಆರು ದಿನ

(ಹೋದ ತಿಂಗಳು ಕುಂದಾಪುರದಲ್ಲಿ ಸೈಕಲ್ ಗೆಳೆಯರ ಮುಂದೆ ಆಡಿದ ಮಾತು ಇದು. ಅವತ್ತು ಬರಲಾಗದವರು ಕೇಳಿದರು, ಅದಕ್ಕೇ ಬರೆದಿದ್ದೇನೆ. ಮಾತಾಡುವ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಮರವಂತೆ ರಸ್ತೆಯಲ್ಲಿ ಸೈಕಲ್ ತುಳಿಯದವರು ಯಾರೂ ಇರಲಿಕ್ಕಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ 66ನೇ ನಂಬರ್ ಹೆದ್ದಾರಿ. ಅಂಥ ಜಾಗ ಬೇರೆ ಎಲ್ಲಿ ಸಿಗುತ್ತದೆ? ಆದರೆ ಅಲ್ಲಿ ಹೋಗುವಾಗ ನಾವು ಸಮುದ್ರ ನೋಡುವುದಿಲ್ಲ. ಹಿಂದಿನಿಂದ ಬರುವ ಲಾರಿಗೆ ಕಿವಿ ಕೊಟ್ಟು, ರಸ್ತೆ ಅಂಚಿನ ಬಿಳಿ ಗೆರೆ ನೋಡುತ್ತಾ ತುಳಿಯುತ್ತೇವೆ. ನಾನು ಎಷ್ಟೋ ವರ್ಷ ಹಾಗೇ ತುಳಿದಿದ್ದೇನೆ. ಹಾಗಾಗಿ ಹೋದ ವರ್ಷ ಮೇ ತಿಂಗಳಲ್ಲಿ ಮೆನೋರ್ಕಾಗೆ ಹೋದಾಗ, ಮೊದಲ ದಿನ ಮಧ್ಯಾಹ್ನ ಒಂದು ಕಲ್ಲಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿರುವಾಗ, ಏನೋ ಮರೆತು ಬಂದಿದ್ದೇನೆ ಅನ್ನಿಸತೊಡಗಿತು. ಜೇಬು ನೋಡಿಕೊಂಡೆ, ಬ್ಯಾಗು ನೋಡಿಕೊಂಡೆ. ಎಲ್ಲ ಇತ್ತು. ತುಂಬಾ ಹೊತ್ತಾದ ಮೇಲೆ ಗೊತ್ತಾಯಿತು, ಎರಡು ಗಂಟೆಯಿಂದ ನಾನು ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ.

ಮೆನೋರ್ಕಾ ಸ್ಪೇನ್ ದೇಶದ್ದು. ಮೆಡಿಟರೇನಿಯನ್ ಸಮುದ್ರದಲ್ಲಿ, ಹೆಸರುವಾಸಿ ಮಯೋರ್ಕಾ ದ್ವೀಪದ ಪಕ್ಕ ಇದೆ. ಸುಮಾರು 700 ಚದರ ಕಿಲೋಮೀಟರ್, ಉದ್ದ 50 ಕಿಲೋಮೀಟರ್ ಹತ್ತಿರ. ಪೂರ್ವದ ತುದಿಗೆ ಮಾವೊ ಪಟ್ಟಣ, ಪಶ್ಚಿಮದ ತುದಿಗೆ ಸಿಯುತಾದೆಲ್ಲಾ. ಎರಡನ್ನೂ ಸೇರಿಸುವ ಒಂದು ಮುಖ್ಯ ರಸ್ತೆ ದ್ವೀಪದ ನಟ್ಟನಡುವೆ ಹೋಗುತ್ತದೆ. ಆ ರಸ್ತೆಯಿಂದ ಎರಡೂ ಕಡೆಗೆ, ಸಮುದ್ರದ ಕಡೆಗೆ, ಸಣ್ಣ ಸಣ್ಣ ರಸ್ತೆಗಳು ಕವಲೊಡೆಯುತ್ತವೆ. ಬಂಗುಡೆ ತಿಂದಾದ ಮೇಲೆ ಬಾಳೆಲೆಯಲ್ಲಿ ಉಳಿಯುವ ಮುಳ್ಳು ನೆನಪು ಮಾಡಿಕೊಳ್ಳಿ, ಮ್ಯಾಪಿನಲ್ಲಿ ಥೇಟ್ ಹಾಗೇ ಕಾಣುತ್ತದೆ. ಮುಳ್ಳಿನ ತುದಿ ತುದಿಗಳನ್ನು ಸೇರಿಸುವ ರಸ್ತೆ ಇಲ್ಲ. ಕಾರಿನಲ್ಲಿ ಬಂದವರು ಒಂದು ಬೀಚಿನಿಂದ ಪಕ್ಕದ ಬೀಚಿಗೆ ಹೋಗಬೇಕಾದರೆ ಹೆಚ್ಚಾಗಿ ನಡುವಿನ ರಸ್ತೆಯವರೆಗೆ ವಾಪಸ್ ಬಂದು, ಇನ್ನೊಂದು ಮುಳ್ಳು ಹಿಡಿದು ಇಳಿಯಬೇಕು. ಆ ಕರಾವಳಿ ಇವತ್ತಿಗೂ ಸದ್ದಿಲ್ಲದೆ ಉಳಿದಿರುವುದಕ್ಕೆ ಮೊದಲ ಕಾರಣ ಇದೇ. ಕಡಲಂಚಿಗೆ ಸುತ್ತುರಸ್ತೆ ಯಾರೂ ಹಾಕಲಿಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಕಡಲಂಚಿನುದ್ದಕ್ಕೂ ಇಡೀ ದ್ವೀಪ ಸುತ್ತುವ ಒಂದು ಕಾಲುದಾರಿ ಇದೆ. ಹೆಸರು ಕಮಿ ದೆ ಕವಾಲ್ಸ್, ಅಂದರೆ ಕುದುರೆ ದಾರಿ. ಒಟ್ಟು 185 ಕಿಲೋಮೀಟರ್, 20 ತುಂಡುಗಳಾಗಿ ಗುರುತಿಸಿದ್ದಾರೆ. ಉದ್ದಕ್ಕೂ ಗಿಡ್ಡ ಮರದ ಕಂಬಗಳು ದಾರಿ ತೋರಿಸುತ್ತವೆ. ನಡೆಯುವವರು, ಕುದುರೆ ಮೇಲೆ ಹೋಗುವವರು, ಸೈಕಲ್‌ನವರು ಹೋಗಬಹುದು. ಮೋಟಾರ್ ಇರುವ ಯಾವುದೂ ಬರುವಂತಿಲ್ಲ.

ಕುದುರೆ ಯಾಕೆ ಅಂದರೆ, ಇದು ಕಾವಲಿನ ದಾರಿ. 14ನೇ ಶತಮಾನದಷ್ಟು ಹಿಂದಿನಿಂದಲೂ ಕುದುರೆ ಸವಾರರು ಕರಾವಳಿ ಕಾಯುತ್ತಿದ್ದರು ಎಂದು ಹೇಳುತ್ತಾರೆ. ಕಾಯುವುದಕ್ಕೆ ಕಾರಣವೂ ಇತ್ತು. 1535ರಲ್ಲಿ ತುರ್ಕಿಯ ಒಟ್ಟೋಮನ್ ಸುಲ್ತಾನನ ನೌಕಾಪಡೆಯ ಮುಖ್ಯಸ್ಥ ಬಾರ್ಬರೋಸಾನ ಹಡಗುಗಳು ಮಾವೊ ಬಂದರಿಗೆ ನುಗ್ಗಿದವು. 1558ರಲ್ಲಿ ಒಟ್ಟೋಮನ್ ಪಡೆ ಸಿಯುತಾದೆಲ್ಲಾವನ್ನು ಹಾಳುಗೆಡವಿ ಸಾವಿರಾರು ಜನರನ್ನು ಸೆರೆ ಹಿಡಿದು ಇಸ್ತಾಂಬುಲ್‌ಗೆ ಒಯ್ದಿತು. ಆ ಊರಿನವರು ಇವತ್ತಿಗೂ ಪ್ರತಿ ವರ್ಷ ಜುಲೈ 9ಕ್ಕೆ ಅದನ್ನು ನೆನೆಯುತ್ತಾರೆ. ಪೇಟೆಯ ದೊಡ್ಡ ಚೌಕದ ನಡುವೆ ಅದರ ನೆನಪಿಗೆ ಒಂದು ಕಂಬ ನಿಂತಿದೆ. ನಾನು ಅಲ್ಲಿ ಸೈಕಲ್ ಒರಗಿಸಿ ನಿಂತಾಗ, ಅಷ್ಟು ದೂರ ತುಳಿದು ಬಂದ ದಾರಿ ಮೊದಲ ಸಲ ಬೇರೆಯಾಗಿ ಕಂಡಿತು. ನನಗೆ ರಜೆಯ ಖುಷಿ ಕೊಟ್ಟ ದಾರಿ, ಯಾರೋ ರಾತ್ರಿ ನಿದ್ದೆಗೆಟ್ಟು ಸಮುದ್ರ ನೋಡುತ್ತಾ ಓಡಾಡಿದ ದಾರಿ.

ಕಾವಲು ಬೇಡವಾದ ಮೇಲೆ ದಾರಿ ಹಾಳುಬಿತ್ತು. ಅದು ಹಾದುಹೋಗುವುದು ಬಹುಪಾಲು ದೊಡ್ಡ ದೊಡ್ಡ ಖಾಸಗಿ ಜಮೀನಿನೊಳಗೆ. ಕೆಲವರು ಬೇಲಿ ಹಾಕಿದರು, ಗೇಟಿಗೆ ಬೀಗ ಜಡಿದರು. 1990ರ ದಶಕದಲ್ಲಿ ಊರಿನ ಜನ ಸುಮ್ನೆ ಕೂರಲಿಲ್ಲ. ಇದು ನಮ್ಮ ಅಜ್ಜಂದಿರ ಕಾಲದಿಂದ ಇರುವ ದಾರಿ, ಬಿಡಿ ಅಂದರು. 2000ದ ಡಿಸೆಂಬರ್‌ನಲ್ಲಿ ಮೆನೋರ್ಕಾ, ಮಯೋರ್ಕಾ ಎಲ್ಲ ಸೇರಿದ ಬಲೆಯಾರಿಕ್ ದ್ವೀಪಗಳ ಸಂಸತ್ತು ಈ ಒಂದು ದಾರಿಗಾಗಿಯೇ ಕಾನೂನು ಮಾಡಿತು. ಆಮೇಲೆ ಹತ್ತು ವರ್ಷ ಮಾತುಕತೆ, ಅಳತೆ, ದುರಸ್ತಿ. 2010ರಲ್ಲಿ ಇಡೀ ಸುತ್ತು ತೆರೆಯಿತು. ಒಂದು ಕಾಲುದಾರಿಗೆ ಅಷ್ಟು ಹಟ! ನನಗೆ ಈ ಕಥೆ ಕಡಲಿಗಿಂತ ಜಾಸ್ತಿ ಹಿಡಿಸಿತು. ಅಲ್ಲಿನ ನಿಶ್ಶಬ್ದ ತಾನಾಗಿ ಉಳಿದದ್ದು ಅರ್ಧ ಮಾತ್ರ, ಇನ್ನರ್ಧ ಜನ ಕೇಳಿ ಪಡೆದದ್ದು.

ಈಗ ಗೇಟಿನ ವಿಷಯ. ಜಮೀನಿನೊಳಗೆ ಹೋಗುವ ದಾರಿ ಆದ್ದರಿಂದ ಅಲ್ಲಲ್ಲಿ ಗೇಟು ಬರುತ್ತದೆ. ನಮ್ಮ ಘಟ್ಟದ ಮೇಲಿನವರು ಉಣುಗೋಲು ಅನ್ನುತ್ತಾರಲ್ಲ, ದನ ನುಗ್ಗದ ಹಾಗೆ ಅಡ್ಡ ಹಾಕುವುದು, ಕೆಲಸ ಅದೇ. ಆದರೆ ಇದು ಕಾಡು ಆಲಿವ್ ಮರದ್ದು. ಆ ಮರ ನೆಟ್ಟಗೆ ಬೆಳೆಯುವುದೇ ಇಲ್ಲ. ತ್ರಮುಂತಾನಾ ಅಂತ ಉತ್ತರದ ಗಾಳಿ, ಚಳಿಗಾಲದಲ್ಲಿ ಜಾಸ್ತಿ, ಉಪ್ಪು ಹೊತ್ತು ಬೀಸುತ್ತದೆ. ಅದಕ್ಕೆ ಮರಗಳೆಲ್ಲ ದಕ್ಷಿಣಕ್ಕೆ ಬಾಗಿ, ಬಾಚಿದ ಕೂದಲಿನ ಹಾಗೆ ನಿಂತಿರುತ್ತವೆ. ಆ ಡೊಂಕು ಕೊಂಬೆಗಳನ್ನೇ ಆರಿಸಿ, ಡೊಂಕನ್ನು ತಿದ್ದದೆ, ಒಂದರ ಮೇಲೊಂದು ಜೋಡಿಸಿ ಗೇಟು ಮಾಡುತ್ತಾರೆ. ಈ ಕೆಲಸದವರಿಗೆ ಅರಡೇರ್ ಅಂತ ಬೇರೆಯೇ ಹೆಸರು. ಒಂದು ಗೇಟಿನ ಪಟ್ಟಿ ಇನ್ನೊಂದರ ಹಾಗಿಲ್ಲ. ಕೈ ಇಡುವ ಜಾಗ ಸವೆದು ನುಣ್ಣಗಾಗಿರುತ್ತದೆ, ನಮ್ಮ ಹಳೇ ಮನೆಯ ಹೊಸ್ತಿಲಿನ ಹಾಗೆ. ತೆಗೆಯಬೇಕು, ಸೈಕಲ್ ದಾಟಿಸಬೇಕು, ತಿರುಗಿ ಮುಚ್ಚಬೇಕು. ಮುಚ್ಚಲೇಬೇಕು, ಒಳಗೆ ದನ ಕುರಿ ಇರುತ್ತವೆ. ಮೊದಲ ದಿನ ಇದೊಂದು ಕಿರಿಕಿರಿ ಅನ್ನಿಸಿತು, ನಿಜ ಹೇಳುತ್ತೇನೆ. ಆಗಷ್ಟೇ ಲಯ ಸಿಕ್ಕಿರುತ್ತದೆ, ಇಳಿಯಬೇಕು. ಮೂರನೇ ದಿನದ ಹೊತ್ತಿಗೆ ನಾನೇ ಗೇಟು ಬರಲಿ ಅಂತ ಕಾಯುತ್ತಿದ್ದೆ. ಗೇಟು ಅಂದರೆ ಒಂದು ಗುಟುಕು ನೀರು, ಒಂದು ನಿಮಿಷ ನೆರಳು, ಬೆನ್ನು ನೆಟ್ಟಗೆ ಮಾಡುವುದು.

ನಾನು ಮಾವೊದಿಂದ ಹೊರಟು ಉತ್ತರ ಹಿಡಿದೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರು. ಮೊದಲ 10 ಕಿಲೋಮೀಟರ್ ದಾಟಿದರೆ ಎಸ್ ಗ್ರಾವ್, ಬಿಳಿ ಮನೆಗಳ ಸಣ್ಣ ಊರು. ಅದರ ಹಿಂದೆ ದೊಡ್ಡ ಹಿನ್ನೀರಿನ ಕೆರೆ, ಅಲ್ಬುಫೇರಾ ಅನ್ನುತ್ತಾರೆ. 1970ರ ದಶಕದಲ್ಲಿ ಅಲ್ಲಿ ಗಾಲ್ಫ್ ಮೈದಾನ, ವಿಲ್ಲಾ ಅಂತ ಶಾಂಗ್ರಿಲಾ ಹೆಸರಿನ ದೊಡ್ಡ ಬಡಾವಣೆ ಶುರುವಾಗಿತ್ತು. ಜನ ವಿರೋಧಿಸಿದರು, ಕೆಲಸ ಅರ್ಧಕ್ಕೆ ನಿಂತಿತು. 1993ರಲ್ಲಿ ಯುನೆಸ್ಕೋ ಇಡೀ ದ್ವೀಪವನ್ನೇ ಜೀವಗೋಳ ಮೀಸಲು ಎಂದು ಗುರುತಿಸಿತು, 1995ರಲ್ಲಿ ಈ ಕೆರೆಯ ಸುತ್ತ ನಿಸರ್ಗ ಉದ್ಯಾನವಾಯಿತು. ಪಕ್ಷಿ ನೋಡುವವರು ಇಲ್ಲಿ ಒಂದು ದಿನ ಇಟ್ಟುಕೊಳ್ಳಿ. ನಮ್ಮ ರಾಮನಗರದ ಬೆಟ್ಟದಲ್ಲಿ ಕಾಣುವ ಬಿಳಿ ರಣಹದ್ದು ಇದೆಯಲ್ಲ, ಹಳದಿ ಮುಖದ್ದು, ಅದೇ ಜಾತಿ ಮೆನೋರ್ಕಾದಲ್ಲೂ ಇದೆ. ಯುರೋಪಿನ ಬೇರೆ ಕಡೆ ಬಹುಪಾಲು ಚಳಿಗಾಲಕ್ಕೆ ಆಫ್ರಿಕಾಗೆ ಹೋಗಿಬಿಡುತ್ತದೆ, ಮೆನೋರ್ಕಾದ್ದು ವರ್ಷವಿಡೀ ಅಲ್ಲೇ ಇರುತ್ತದೆ. ತಲೆ ಮೇಲೆ ಅದು ಸುತ್ತುವಾಗ ನನಗೆ ಊರಿನವರೊಬ್ಬರು ಸಿಕ್ಕ ಹಾಗಾಯಿತು.

ಎಸ್ ಗ್ರಾವ್ ದಂಡೆಯಲ್ಲಿ ಮರಳಿನ ಮೇಲೆ ಕಂದು ಬಣ್ಣದ ರಾಶಿ ಬಿದ್ದಿತ್ತು. ದೂರದಿಂದ ಕಸ ಅಂದುಕೊಂಡೆ. ಹತ್ತಿರ ಹೋಗಿ ಕೈಯಲ್ಲಿ ಹಿಡಿದೆ, ರಿಬ್ಬನ್ನಿನ ಹಾಗೆ ಒಣಗಿದ ಎಲೆಗಳು. ನಡುನಡುವೆ ನಿಂಬೆಹಣ್ಣಿನ ಗಾತ್ರದ ನಾರಿನ ಉಂಡೆಗಳು, ತೆಂಗಿನ ನಾರನ್ನು ಯಾರೋ ಅಂಗೈಯಲ್ಲಿ ಉರುಟಿ ಮಾಡಿದ ಹಾಗೆ. ಇದು ಪೊಸಿಡೋನಿಯಾ. ಪಾಚಿಯಲ್ಲ, ನೀರಿನಡಿ ಹುಲ್ಲುಗಾವಲಾಗಿ ಬೆಳೆಯುವ, ಹೂ ಬಿಡುವ ಗಿಡ. ಅದರ ಎಲೆ ರಾಶಿ ದಡದಲ್ಲಿ ಬಿದ್ದಿದ್ದರೆ ಚಳಿಗಾಲದ ಅಲೆ ಮರಳು ಎಳೆದೊಯ್ಯುವುದು ಕಡಿಮೆ. ಆ ಗಿಡ ಕಾಪಾಡಲೆಂದೇ 2018ರಲ್ಲಿ ಅಲ್ಲಿನ ಸರ್ಕಾರ ನಿಯಮ ತಂದಿದೆ, ದೋಣಿಯವರು ಅದರ ಮೇಲೆ ಲಂಗರು ಹಾಕುವಂತಿಲ್ಲ. ಕಡಲ್ಕೊರೆತಕ್ಕೆ ಬಂಡೆ ತಂದು ಸುರಿಯುವುದನ್ನು ನೋಡಿಕೊಂಡೇ ಬೆಳೆದ ನಮಗೆ, ಒಂದು ಹುಲ್ಲು ದಡ ಕಾಯುತ್ತದೆ ಅಂದರೆ ನಿಂತು ನೋಡಬೇಕು ಅನ್ನಿಸುತ್ತದೆ, ಅಲ್ವಾ?

ಅಲ್ಲಿಂದ ಮುಂದೆ ಫವಾರಿಚ್ ದೀಪಸ್ತಂಭ. ನೆಲ ಪೂರ್ತಿ ಕಪ್ಪು, ಸ್ಲೇಟಿನ ಕಲ್ಲು, ಗಿಡ ಮರ ಇಲ್ಲ. ಎರಡು ದಿನ ಕಳೆದು ಪ್ರೆಗೊಂಡಾ ಕೊಲ್ಲಿಗೆ ಬಂದರೆ ಮರಳು, ಬಂಡೆ ಎಲ್ಲ ಕೆಂಪು, ನಮ್ಮ ಮುರಕಲ್ಲಿನ ಬಣ್ಣ. ದ್ವೀಪದ ಉತ್ತರ ಭಾಗ ಹಳೇ ಬಂಡೆಗಳದ್ದು, ದಕ್ಷಿಣ ಭಾಗ ಅದಕ್ಕಿಂತ ಬಹಳ ಎಳೆಯ ಸುಣ್ಣಕಲ್ಲಿನದ್ದು. ಇದನ್ನು ಭೂಗೋಳದ ಪಾಠ ಅಂತ ಹೇಳುತ್ತಿಲ್ಲ, ನಿಮ್ಮ ಕಾಲಿಗೆ ಗೊತ್ತಾಗುತ್ತದೆ. ಉತ್ತರದಲ್ಲಿ ಏರು, ಇಳಿ, ಮತ್ತೆ ಏರು. ದಕ್ಷಿಣದಲ್ಲಿ ಮಟ್ಟಸ, ಆದರೆ ಆಗಾಗ ಒಂದು ಆಳವಾದ ಕಣಿವೆ ಬಂದು ಅಡ್ಡ ನಿಲ್ಲುತ್ತದೆ.

ವಾಹನ ಇಲ್ಲದ ದಾರಿ ಅಂದ ಕೂಡಲೇ ನಾವು ಆರಾಮದ ದಾರಿ ಅಂದುಕೊಳ್ಳುತ್ತೇವೆ. ಅದು ತಪ್ಪು, ಇದನ್ನು ಒತ್ತಿ ಹೇಳಬೇಕು. ಬಿನಿಮೆಲ್ಲಾದಿಂದ ಎಲ್ಸ್ ಅಲೋಕ್ಸ್ ಬರೀ 9 ಕಿಲೋಮೀಟರ್, ಅಲ್ಲಿಂದ ಅಲ್ಗಯಾರೆನ್ಸ್‌ಗೆ ಇನ್ನೊಂದು 10. ಸೇರಿಸಿದರೆ ಕುಂದಾಪುರದಿಂದ ಮರವಂತೆಗೆ ಹೋಗುವುದಕ್ಕಿಂತ ಚೂರು ಜಾಸ್ತಿ, ಅಷ್ಟೇ. ನನಗೆ ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆ ಹಿಡಿಯಿತು. ಸಡಿಲ ಕಲ್ಲು, ಬೇರು, ಮರದ ದಿಮ್ಮಿ ಹುಗಿದು ಮಾಡಿದ ಮೆಟ್ಟಿಲು. ಸೈಕಲ್ ತಳ್ಳಿದೆ, ಎತ್ತಿದೆ, ಹೆಗಲಿಗೆ ಹಾಕಿದೆ. ಒಂದು ಇಳಿಜಾರಿನಲ್ಲಿ ಚೂಪು ಕಲ್ಲಿಗೆ ಹಿಂದಿನ ಟೈರಿನ ಪಕ್ಕ ಸೀಳಿತು. ಟ್ಯೂಬ್ ಬದಲಾಯಿಸಿದರೆ ಸೀಳಿನಿಂದ ಟ್ಯೂಬೇ ಹೊರಗೆ ಉಬ್ಬಿ ಬರುತ್ತಿತ್ತು. ಕೊನೆಗೆ ಬಿಸ್ಕತ್ ಪ್ಯಾಕೆಟ್ಟಿನ ಹಾಳೆ ನಾಲ್ಕು ಮಡಿಕೆ ಮಾಡಿ ಒಳಗಿನಿಂದ ಒತ್ತಾಗಿ ಇಟ್ಟು, ಗಾಳಿ ಕಡಿಮೆ ತುಂಬಿ ಮುಂದೆ ಹೋದೆ. ಅಷ್ಟರಲ್ಲಿ ಎರಡು ಲೀಟರ್ ನೀರು ಮುಗಿದಿತ್ತು. ಆ ಭಾಗದಲ್ಲಿ ಅಂಗಡಿ ಇಲ್ಲ, ನಲ್ಲಿ ಇಲ್ಲ. ಎದುರಿಗೆ ಬಂದ ಇಬ್ಬರು ನಡಿಗೆಯವರು, ವಯಸ್ಸಾದ ಗಂಡ ಹೆಂಡತಿ, ಕೇಳದೆಯೇ ಅರ್ಧ ಬಾಟಲಿ ನನ್ನ ಬಾಟಲಿಗೆ ಬಗ್ಗಿಸಿದರು. ನಾನು ನಿಧಾನಕ್ಕೆ ಕುಡಿದೆ. ಅಷ್ಟು ರುಚಿ ನೀರು ನಾನು ಕುಡಿದಿಲ್ಲ.

ಅಲ್ಲೇ, ಆ ಟೈರಿನ ಪಕ್ಕ ಕೂತಿದ್ದಾಗ, ಪೊದೆಯೊಳಗೆ ಯಾರೋ ಒಣ ಎಲೆ ತುಳಿದುಕೊಂಡು ಬರುವ ಸದ್ದಾಯಿತು. ನೋಡಿದರೆ ಆಮೆ. ನೆಲದ ಆಮೆ, ಹಳದಿ ಕಪ್ಪು ಚಿಪ್ಪು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ದಾರಿಗೆ ಬಂತು. ಚಕ್ರ ಅಡ್ಡ ಇತ್ತು. ರಿಮ್ಮಿಗೆ ಮುಖ ತಾಗಿಸಿ ನಿಂತಿತು, ಕತ್ತು ಒಳಗೆಳೆದುಕೊಂಡಿತು, ಮತ್ತೆ ಚಾಚಿತು. ಕತ್ತಿನ ಚರ್ಮ ಒಣಗಿದ ಕೆಸರಿನ ಹಾಗೆ ಬಿರುಕು ಬಿರುಕು. ಕಣ್ಣು ಮಾತ್ರ ಒದ್ದೆ, ಕರೀ ಮಣಿ. ನಾನು ಚಕ್ರ ಎತ್ತಿ ಹಿಡಿದೆ. ಅದು ಅಡಿಯಿಂದ ದಾಟಿ ಆಚೆ ಬದಿಯ ಪೊದೆಗೆ ಹೋಯಿತು. ಇಷ್ಟಕ್ಕೆ ಮೂರು ನಾಲ್ಕು ನಿಮಿಷ ಆಗಿರಬಹುದು. ಅಷ್ಟು ನಿಧಾನದ ಜೀವ ಯಾವ ಹೆದ್ದಾರಿ ದಾಟೀತು ಹೇಳಿ.

ಪುಂತಾ ನಾತಿ ಬಗ್ಗೆಯೂ ಹೇಳಬೇಕು. ವಾಯವ್ಯದ ಮೂಲೆ, ಬರೀ ಕಲ್ಲು. ಸುತ್ತ ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆಗಳು, ನಮ್ಮ ಪಾಗಾರದ ಹಾಗೆ, ಆದರೆ ಎದೆಯೆತ್ತರ, ಕಣ್ಣು ಹೋದಷ್ಟು ದೂರ. ಕುರಿಗಳು ಬಿಸಿಲು ಮಳೆಗೆ ನಿಲ್ಲಲಿ ಅಂತ ಅದೇ ಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೋಪುರದಂಥ ಗೂಡು ಕಟ್ಟಿದ್ದಾರೆ. ದೂರದಿಂದ ಪುಟ್ಟ ಗುಡಿಗಳ ಹಾಗೆ ಕಾಣುತ್ತವೆ. 1910ರ ಫೆಬ್ರವರಿಯಲ್ಲಿ ಮಾರ್ಸೇಯಿಂದ ಅಲ್ಜಿಯರ್ಸ್‌ಗೆ ಹೊರಟಿದ್ದ ಜನರಲ್ ಶಾಂಜಿ ಎಂಬ ಫ್ರೆಂಚ್ ಹಡಗು ಬಿರುಗಾಳಿಯಲ್ಲಿ ಇಲ್ಲಿನ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರಲ್ಲಿ ಉಳಿದದ್ದು ಒಬ್ಬನೇ. ಆಮೇಲೆ 1913ರಲ್ಲಿ ಇಲ್ಲಿ ದೀಪಸ್ತಂಭ ಬೆಳಗಿತು. ನಾನು ಹೋದ ದಿನ ಸಮುದ್ರ ಎಣ್ಣೆ ಸುರಿದ ಹಾಗೆ ತಣ್ಣಗಿತ್ತು. ಬಂಡೆ ಅಂಚಿನಲ್ಲಿ ಬಗ್ಗಿ ನೋಡಿದೆ, ಕಾಲು ಸಣ್ಣಗೆ ನಡುಗಿತು, ಹಿಂದೆ ಬಂದೆ.

ದಕ್ಷಿಣ ಬೇಗ ಮುಗಿಸುತ್ತೇನೆ. ಫೋಟೋದಲ್ಲಿ ನೀವೆಲ್ಲ ನೋಡುವ ಮೆನೋರ್ಕಾ ಇದೇ, ಬಿಳಿ ಮರಳು, ಹಸಿರು ನೀಲಿ ನೀರು, ದಡದವರೆಗೆ ಪೈನ್ ಮರ. ಜನವೂ ಇಲ್ಲೇ ಜಾಸ್ತಿ. ನಡೆಯುವವರು ತುಂಬಾ ಇರುವುದರಿಂದ ಸೈಕಲ್‌ನವರು ಇಳಿದು ದಾರಿ ಬಿಡಬೇಕು. ಬಿಡುವುದೇ ಸರಿ, ಅವರ ಹಕ್ಕು ಮೊದಲು. ನನಗೆ ಹಿಡಿಸಿದ್ದು ಕಾಲೆಸ್ ಕೋವೆಸ್ ಎಂಬ ಕೊಲ್ಲಿ. ಸುಣ್ಣಕಲ್ಲಿನ ಗೋಡೆಯಲ್ಲಿ 90ರಷ್ಟು ಗುಹೆಗಳನ್ನು ಕೊರೆದಿದ್ದಾರೆ, ರೋಮನ್ನರು ಬರುವುದಕ್ಕೂ ಮೊದಲಿನ ಜನ ಸತ್ತವರನ್ನು ಇಟ್ಟ ಜಾಗ. ಆ ಕಾಲದ ಕಲ್ಲಿನ ಕಟ್ಟಡಗಳು ದ್ವೀಪದ ತುಂಬಾ ಇವೆ. 2023ರಲ್ಲಿ ಅವುಗಳಿಗೆ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನಡುನಡುವೆ ರೆಸಾರ್ಟುಗಳ ಬೀದಿಯಲ್ಲೂ ದಾರಿ ಹೋಗುತ್ತದೆ, ಅಲ್ಲಿ ಕಾರು ಇರುತ್ತವೆ. ಕೊನೆಯ ತುಂಡಿನಲ್ಲಿ ಮಾವೊ ಹತ್ತಿರವಾದಂತೆ ಟಾರು ರಸ್ತೆಯೇ. 185 ಕಿಲೋಮೀಟರೂ ನಿಶ್ಶಬ್ದ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

ಹೋಗುವವರಿಗೆ ನಾಲ್ಕು ಮಾತು. ಬಾರ್ಸಿಲೋನಾದಿಂದ ಹಡಗು ಇದೆ, ಮಯೋರ್ಕಾದ ಅಲ್ಕುದಿಯಾದಿಂದ ಸಿಯುತಾದೆಲ್ಲಾಗೆ ಇನ್ನೂ ಹತ್ತಿರ, ಸೈಕಲ್ ಜೊತೆಗೇ ಹತ್ತಿಸಬಹುದು. ಏಪ್ರಿಲ್, ಮೇ ಇಲ್ಲವೇ ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್ ಬೇಡ, ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ದಪ್ಪ ಟೈರಿನ ಎಂಟಿಬಿ, ಅಂದರೆ ಮೌಂಟನ್ ಬೈಕೇ ಬೇಕು. ಚಕ್ರದ ಎರಡೂ ಬದಿಗೆ ಪ್ಯಾನಿಯರ್ ಚೀಲ ಕಟ್ಟಬೇಡಿ, ಇಕ್ಕಟ್ಟಿನಲ್ಲಿ ಬಂಡೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬೆನ್ನಿಗೆ ಸಣ್ಣ ಚೀಲ ಸಾಕು. ಉತ್ತರದಲ್ಲಿ ಮೂರು ಲೀಟರ್ ನೀರಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಸಿಕ್ಕಲ್ಲಿ ಟೆಂಟು ಹಾಕುವಂತಿಲ್ಲ, ಹಾಗಾಗಿ ರಾತ್ರಿ ಎಲ್ಲಿ ಅಂತ ಮೊದಲೇ ನೋಡಿಕೊಳ್ಳಬೇಕು. ಕಲ್ಲು ಮುಳ್ಳು ಬೇಡ, ನನ್ನ ಹತ್ತಿರ ರೋಡ್ ಬೈಕೇ ಇರುವುದು ಅನ್ನುವವರಿಗೆ ಕೇನ್ ದಾರಿ ಇದೆ. 18ನೇ ಶತಮಾನದಲ್ಲಿ ದ್ವೀಪ ಬ್ರಿಟಿಷರ ಕೈಲಿದ್ದಾಗ ರಿಚರ್ಡ್ ಕೇನ್ ಎಂಬ ಗವರ್ನರ್ ಮಾಡಿಸಿದ ರಸ್ತೆ. ಮಾವೊ ಕಡೆಯಿಂದ ಎಸ್ ಮರ್ಕದಾಲ್ ಊರಿಗೆ 20 ಕಿಲೋಮೀಟರ್, ಟಾರು, ಎರಡೂ ಬದಿ ಕಲ್ಲಿನ ಗೋಡೆ, ಹೊಲ. ಕಡಲು ಕಾಣುವುದಿಲ್ಲ, ಆದರೆ ವಾಹನ ತುಂಬಾ ಕಡಿಮೆ. ಅಲ್ಲಿ ಸಿಗುವ ಮಾವೊ ಚೀಸ್ ಅನ್ನು ಟೊಮೆಟೊ ಉಜ್ಜಿದ ಬ್ರೆಡ್ಡಿನ ಜೊತೆ ತಿನ್ನಿ. ಗಟ್ಟಿ, ಚೂರು ಉಪ್ಪು, ಬೆವರು ಹರಿಸಿ ಬಂದವರಿಗೆ ಹೇಳಿ ಮಾಡಿಸಿದ ಹಾಗಿದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಖರ್ಚು, ವೀಸಾ, ಟೈರಿನ ಅಗಲ, ಎಲ್ಲಕ್ಕೂ ಅಲ್ಲೇ ಉತ್ತರ ಹೇಳಿದೆ. ಕೊನೆಗೆ ಅಪ್ಪನ ಜೊತೆ ಬಂದಿದ್ದ ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. ಗಾಡಿ ಸದ್ದೇ ಇಲ್ಲ ಅಂದ್ರಲ್ಲ, ಹಾಗಾದ್ರೆ ಏನು ಕೇಳಿಸ್ತಿತ್ತು ಅಂದಳು. ಅವತ್ತು ಥಟ್ಟನೆ ಹೊಳೆಯಲಿಲ್ಲ, ಸಮುದ್ರದ ಸದ್ದು ಅಂತ ಹೇಳಿ ಕೂತೆ. ಮನೆಗೆ ಬಂದು ನೆನಪು ಮಾಡಿಕೊಂಡು ಅವಳಿಗಾಗಿ ಬರೆಯುತ್ತಿದ್ದೇನೆ. ತುಳಿಯುವುದು ನಿಲ್ಲಿಸಿದಾಗ ಹಿಂದಿನ ಚಕ್ರದ ಟಿಕ್ ಟಿಕ್. ಗೋಡೆ ಆಚೆ ಕುರಿಗಳ ಕೊರಳ ಗಂಟೆ, ಕುರಿ ಕಾಣುವುದಕ್ಕೆ ಎಷ್ಟೋ ಮೊದಲು. ಕಾಲಡಿಯ ಬಂಡೆಯೊಳಗೆ ಎಲ್ಲೋ ತೂತಿಗೆ ನೀರು ನುಗ್ಗಿ ಗುಡುಕ್ ಅನ್ನುವುದು. ನಮ್ಮ ತಂತಿ ಮೇಲೆ ಕೂರುವ ಕಳ್ಳಿಪೀರದ ದಾಯಾದಿ ಅಲ್ಲೂ ಇದೆ, ಮೇ ತಿಂಗಳಲ್ಲಿ ಗುಂಪಾಗಿ ಹಾರುತ್ತಾ ಪ್ರುರ್ ಪ್ರುರ್ ಅನ್ನುತ್ತದೆ. ಬೆನ್ನ ಮೇಲಿನ ಬಾಟಲಿಯಲ್ಲಿ ಅರ್ಧ ಉಳಿದ ನೀರು ಕುಲುಕುವುದು. ಆಮೇಲೆ ಗೇಟು. ತೆಗೆಯುವಾಗ ಕಿರ್ ಅನ್ನುತ್ತದೆ, ದಾಟಿ ಬಂದು ಬಿಟ್ಟರೆ ತಾನೇ ಭಾರಕ್ಕೆ ಹಿಂದೆ ಹೋಗಿ, ಮರಕ್ಕೆ ಮರ ತಾಗಿ, ಟಕ್.